ಮಾವನ ನಾಣ್ಯ, ಮಾವನ ಉಯಿಲು

ನಾಣ್ಯ, ಅಂಚೆಚೀಟಿ, ಗ್ರಾಮಫೋನ್ ಪ್ಲೇಟು, ಹಳೇ ಕ್ಯಾಮೆರಾ, ಏನನ್ನೇ ಕೂಡಿಟ್ಟವರಾಗಲಿ, ಅವರೆದುರು ಉಯಿಲಿನ ಮಾತು ತೆಗೆದು ನೋಡಿ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಎಲ್ಲಾ ಒಟ್ಟಿಗೇ ಇರಬೇಕು ನೋಡಿ, ಚೆಲ್ಲಾಪಿಲ್ಲಿ ಆಗಬಾರದು." ಯಾರ ಹತ್ತಿರ ಇರಬೇಕು, ಎಲ್ಲಿ ಇರಬೇಕು, ಧೂಳು ಹೊಡೆಯುವವರು ಯಾರು ಅಂತ ಕೇಳಿದರೆ ಮಾತು ಕಾಫಿಯ ಕಡೆ ತಿರುಗುತ್ತದೆ.

ಮೈಸೂರಿನಲ್ಲಿರುವ ನನ್ನ ಸೋದರಮಾವನೂ ಕಾಫಿ ತರಿಸಿದರು. ಕುಡಿದು ಲೋಟ ಕೆಳಗಿಟ್ಟ ಮೇಲೆ, "ನೀನೇ ನನ್ನ ಎಕ್ಸಿಕ್ಯೂಟರ್ ಆಗಬೇಕಮ್ಮಾ" ಅಂದರು. ಅಂದರೆ ಅವರು ತೀರಿಕೊಂಡ ಮೇಲೆ ಉಯಿಲಿನಂತೆ ಎಲ್ಲವನ್ನೂ ನಡೆಸಿಕೊಡುವವಳು. ನಾನು ಆ ಕ್ಷಣಕ್ಕೆ ಹೂಂ ಅನ್ನಲಿಲ್ಲ. ಬ್ಯಾಂಕಿನ ಕೆಲಸದಲ್ಲಿ ವರ್ಷಗಟ್ಟಲೆ ಲಾಕರ್ ರೂಮಿನ ಬಾಗಿಲಲ್ಲಿ ನಿಂತವಳು ನಾನು. ತೀರಿಕೊಂಡವರ ಲಾಕರ್ ತೆರೆಸುವ ದಿನ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ಪೆಟ್ಟಿಗೆಯನ್ನೇ ನೋಡುತ್ತಿರುವುದನ್ನು ಕಂಡಿದ್ದೇನೆ. ಒಡವೆಯಾದರೆ ತೂಕಕ್ಕೆ ಹಾಕಿ ಪಾಲು ಮಾಡಬಹುದು. ಸಂಗ್ರಹವನ್ನು ಹಾಗೆ ಮಾಡಲು ಬರುವುದಿಲ್ಲ.

ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಸಂಬಳದಲ್ಲಿ ಉಳಿದದ್ದೆಲ್ಲ ನಾಣ್ಯಕ್ಕೆ ಹೋಯಿತು. ಅದರಲ್ಲೂ ಮೈಸೂರು ರಾಜ್ಯದ ನಾಣ್ಯ: ಕಂಠೀರವ ಹಣ, ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಲಿ ಕಾಸು. ಜೊತೆಗೆ ವಿಜಯನಗರದ ಒಂದೆರಡು ಚಿನ್ನದ ವರಹ. ಕಂಠೀರವ ಹಣವನ್ನು ಕೈಯಲ್ಲಿ ಹಿಡಿದು ನೋಡದವರಿಗೆ ಅದು ಎಷ್ಟು ಚಿಕ್ಕದೆಂದು ಹೇಳಿದರೂ ನಂಬಿಕೆ ಬರುವುದಿಲ್ಲ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಚಿನ್ನದ ನಾಣ್ಯ ಅದು. ಕಡಲೆಬೇಳೆಯಷ್ಟು ಗಾತ್ರ, ಅರ್ಧ ಗ್ರಾಮಿಗೂ ಕಡಿಮೆ ತೂಕ, ಆ ಜಾಗದಲ್ಲೇ ಕೂತಿರುವ ನರಸಿಂಹ, ಹಿಂಬದಿಯಲ್ಲಿ ನಾಗರಿ ಅಕ್ಷರ. ಇಂಥದ್ದು ಅಜ್ಜಿಯ ಡಬ್ಬಿಯಲ್ಲಿ ಸಿಕ್ಕಿತೆಂದರೆ ನಮ್ಮ ಜನ ಮೊದಲು ಹೋಗುವುದು ಅಕ್ಕಸಾಲಿಗರ ಹತ್ತಿರ. ಅವರು ತಕ್ಕಡಿಗೆ ಹಾಕಿ ಚಿನ್ನದ ರೇಟು ಕಟ್ಟುತ್ತಾರೆ. ಮೋಸವೇನಲ್ಲ. ತಕ್ಕಡಿಗೆ ತೂಕ ಗೊತ್ತು, ನರಸಿಂಹ ಗೊತ್ತಿಲ್ಲ.

ತಾಮ್ರದ ಕಾಸಿಗೆ ಇನ್ನೊಂದು ಗಂಡಾಂತರ. ಅಂಗೈಯಲ್ಲಿಟ್ಟರೆ ಕಪ್ಪಗೆ, ಕೆಲವು ಕಡೆ ಹಸಿರಾಗಿ ಕಾಣುತ್ತದೆ. ಮನೆಯಲ್ಲಿ ಯಾರೋ ಒಳ್ಳೆಯ ಮನಸ್ಸಿನವರು ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವರ ಮನೆಯ ಚೊಂಬಿನ ಹಾಗೆ ಫಳಫಳ ಮಾಡಿಬಿಡುತ್ತಾರೆ. ಇನ್ನೂರು ವರ್ಷ ಕೂತು ಬಂದ ಮೇಲ್ಪದರ ಹದಿನೈದು ನಿಮಿಷದಲ್ಲಿ ಹೋಗುತ್ತದೆ, ಅದರ ಜೊತೆಗೇ ಬೆಲೆಯ ಬಹುಪಾಲೂ. ಉಯಿಲು ಬರೆಯುವ ಮೊದಲು ಬೀರುವಿನ ಒಳಬಾಗಿಲಿಗೆ 'ಯಾವುದನ್ನೂ ತೊಳೆಯಬಾರದು' ಎಂದು ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ ಅಂತ ಮಾವನಿಗೆ ಹೇಳಿದೆ. ಅತ್ತೆ ನಕ್ಕರು.

ಅತ್ತೆಗೆ ಗೊತ್ತಿಲ್ಲದ ಸಂಗತಿ ಕವರುಗಳ ಮೇಲಿತ್ತು. ಒಂದೊಂದು ನಾಣ್ಯಕ್ಕೂ ಒಂದು ಪುಟ್ಟ ಬಿಳಿ ಕವರು. ಪೆನ್ಸಿಲಿನಲ್ಲಿ ನಾಣ್ಯದ ಹೆಸರು, ತೂಕ, ಕೊಂಡ ಊರು, ಕೆಳಗಿನ ಮೂಲೆಯಲ್ಲಿ ಮಾತ್ರ ತಲೆಬುಡವಿಲ್ಲದ ಒಂದು ಪದ. ಒಂದರ ಮೇಲೆ 'ಮರ', ಇನ್ನೊಂದರ ಮೇಲೆ 'ನಾಯಿ', ಮತ್ತೊಂದರ ಮೇಲೆ 'ನಮಗೆ'. ಈ ಕೊನೆಯದನ್ನು ಅತ್ತೆ ಯಾವಾಗಲೋ ನೋಡಿ, ಮಾರದೆ ಮನೆಗೆಂದು ತೆಗೆದಿಟ್ಟಿದ್ದು ಅಂದುಕೊಂಡಿದ್ದರಂತೆ. ಅದು ಕಟಪಯಾದಿ, ಅಕ್ಷರಕ್ಕೊಂದು ಅಂಕಿ ಹಚ್ಚುವ ಹಳೇ ಸಂಕೇತ. ಸಂಗೀತ ಕಲಿತವರಿಗೆ ಇದು ಹೊಸದಲ್ಲ. ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರಕ್ಕೆ ಅಂಕಿ ಹಚ್ಚಿ ಹಿಂದುಮುಂದಾಗಿ ಓದಿದರೆ ಮೇಳದ ಸಂಖ್ಯೆ ಸಿಗುತ್ತದೆ. ಧೀರಶಂಕರಾಭರಣದಲ್ಲಿ ಧೀ ಒಂಬತ್ತು, ರ ಎರಡು, ತಿರುಗಿಸಿದರೆ 29. ಅದೇ ಲೆಕ್ಕದಲ್ಲಿ ನ ಸೊನ್ನೆ, ಮ ಐದು, ಗೆ ಮೂರು. 'ನಮಗೆ' ಅಂದರೆ ಮಾವ ಕೊಟ್ಟ 350 ರೂಪಾಯಿ. 'ಮರ' 25, 'ನಾಯಿ' 10. ಎಷ್ಟು ಸುರಿದು ತಂದರೆಂದು ಹೆಂಡತಿಗೆ ತಿಳಿಯದಿರಲಿ ಎಂಬ ಒಂದೇ ಉದ್ದೇಶಕ್ಕೆ ಗಣಿತದ ಮೇಷ್ಟ್ರು ಇಷ್ಟು ದೂರ ಹೋಗಿದ್ದರು. ಗುಟ್ಟು ಬಯಲಾದ ದಿನ ಆ ಮನೆಯಲ್ಲಿ ನಡೆದ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ.

ತಮಾಷೆಯಾಗಿ ಕಂಡರೂ ಆ ಪದಗಳ ಬೆಲೆ ದೊಡ್ಡದು. ಪಟ್ಟಿ ಮಾಡಿದರೆ ಸತ್ತವರ ಆಸ್ತಿ ಅಂತ ತೆರಿಗೆಯವರು ಬಂದುಬಿಡುತ್ತಾರೆ ಎಂಬ ಭಯ ಮಾವನ ತಲೆಮಾರಿನವರಿಗೆ ಇನ್ನೂ ಹೋಗಿಲ್ಲ. ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ತೆರಿಗೆಯ ಪ್ರಶ್ನೆ ಏಳುವುದಾದರೆ ವಾರಸುದಾರರು ಮಾರಿದಾಗ. ಆಗ ಲಾಭವನ್ನು ಲೆಕ್ಕ ಹಾಕುವಾಗ ಹಿಂದಿನ ಮಾಲೀಕರು ಎಷ್ಟಕ್ಕೆ ಕೊಂಡಿದ್ದರು ಎಂಬುದು ಬೇಕಾಗುತ್ತದೆ. ಕಟಪಯಾದಿ ಗೊತ್ತಿಲ್ಲದ ಆಡಿಟರು 'ನಾಯಿ'ಯನ್ನು ಇಟ್ಟುಕೊಂಡು ಏನು ಮಾಡಿಯಾರು? ನಾನು ಹಾಕಿದ ಮೊದಲ ಷರತ್ತೇ ಅದು, ಗುಟ್ಟಿನ ಕೀಲಿಯನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಬಿಲ್ಲುಗಳಿದ್ದರೆ ಅವನ್ನೂ. ನೆಲದಲ್ಲಿ ಸಿಕ್ಕ ನಿಧಿಗೆ ಕರ್ನಾಟಕದಲ್ಲಿ 1962ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಇದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದಾಗ ಉತ್ತರ ಕೊಡಬೇಕಾದವರು ಆಗ ಇರುವುದಿಲ್ಲ.

ಇನ್ನು ಎಕ್ಸಿಕ್ಯೂಟರ್ ಯಾರಾಗಬೇಕು ಎಂಬ ಮಾತು. ನಮ್ಮಲ್ಲಿ ಇದನ್ನು ಒಂದು ಗೌರವದ ಹುದ್ದೆ ಅಂತ ತಿಳಿದು ದೊಡ್ಡ ಮಗನ ಹೆಸರು ಬರೆದುಬಿಡುತ್ತಾರೆ. ಎಷ್ಟೋ ಸಲ ಆ ಮಗನಿಗೆ ವಿಷಯ ತಿಳಿಯುವುದು ವೈಕುಂಠ ಸಮಾರಾಧನೆ ಮುಗಿದ ಮೇಲೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಎಕ್ಸಿಕ್ಯೂಟರ್ ಮಾಡಬೇಕಾದದ್ದು ಕೂಲಿಯ ಕೆಲಸ: ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುವುದು, ಸಾಲ ತೀರಿಸುವುದು, ಉಯಿಲಿನಲ್ಲಿ ಹೇಳಿದಂತೆ ಹಂಚುವುದು, ಲೆಕ್ಕ ಒಪ್ಪಿಸುವುದು. ಮೈಸೂರು, ಬೆಂಗಳೂರಿನ ಹಿಂದೂ ಕುಟುಂಬವೊಂದು ಇಲ್ಲಿನ ಆಸ್ತಿಗೇ ಬರೆದ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂದು ಕೋರ್ಟು ಕೊಡುವ ಪ್ರಮಾಣಪತ್ರ, ಕಡ್ಡಾಯವಿಲ್ಲ. ಆದರೆ ತಕರಾರು ಎದ್ದು ಪ್ರೊಬೇಟ್ ತೆಗೆದುಕೊಂಡರೆ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ವರ್ಷದೊಳಗೆ ಲೆಕ್ಕ ಕೋರ್ಟಿಗೆ ಕೊಡಬೇಕು. ಸಾವಿರಾರು ಪುಟ್ಟ ಕವರುಗಳ ಪಟ್ಟಿಯನ್ನು, ನಾಣ್ಯದ ಗಂಧಗಾಳಿ ಇಲ್ಲದವರು ಆರು ತಿಂಗಳಲ್ಲಿ! ಎಕ್ಸಿಕ್ಯೂಟರ್ ತನಗೆ ಆಗುವುದಿಲ್ಲವೆಂದು ಬಿಟ್ಟುಕೊಡಲೂಬಹುದು. ಅದಕ್ಕೇ ಮೊದಲೇ ಕೇಳಿ ಒಪ್ಪಿಸಿಕೊಳ್ಳಬೇಕು, ಒಬ್ಬರು ಬಿಟ್ಟರೆ ಇನ್ನೊಬ್ಬರು ಅಂತ ಬರೆದಿರಬೇಕು.

ಮಾವನ ಮನಸ್ಸಿನಲ್ಲಿ ಮೊದಲಿದ್ದವನು ಡಲ್ಲಾಸ್‌ನಲ್ಲಿರುವ ಮಗ. ಒಳ್ಳೆಯ ಹುಡುಗ, ದಿನಾ ಫೋನ್ ಮಾಡುತ್ತಾನೆ. ಆದರೆ ಈ ಕೆಲಸ ಫೋನಿನಲ್ಲಿ ಆಗುವಂಥದ್ದಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂರಬೇಕು, ಬ್ಯಾಂಕಿಗೆ ಅಲೆಯಬೇಕು. ಎರಡನೆಯವರು ನಾಣ್ಯಪ್ರಿಯರ ಬಳಗದ ಹಳೇ ಗೆಳೆಯರು. ವಿದ್ವಾಂಸರೇ, ಆದರೆ ಮಾವನಿಗಿಂತ ವಯಸ್ಸಿನಲ್ಲಿ ಒಂದು ಕೈ ಮೇಲೆ. ಜೊತೆಗೆ ಮಾವನ ಒಂದು ವರಹದ ಮೇಲೆ ಅವರ ಕಣ್ಣಿರುವುದು ಊರಿಗೆಲ್ಲ ಗೊತ್ತು. ಅತ್ತೆ ಕೈ ಮುಗಿದುಬಿಟ್ಟರು.

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಇರಬಹುದು. ಸಂಗ್ರಹದ ಎಕ್ಸಿಕ್ಯೂಟರ್‌ಗೆ ಸಂಗ್ರಹದ ಮೇಲೆ ಮೋಹ ಇರಬಾರದು. ಯಾವ ನಾಣ್ಯ ಯಾವ ಕಾಲದ್ದು ಅಂತ ತಿಳಿಯದಿದ್ದರೂ ನಡೆಯುತ್ತದೆ, ತಿಳಿದವರು ಯಾರೆಂದು ತಿಳಿದಿದ್ದರೆ ಸಾಕು. ಕಾಗದಪತ್ರಕ್ಕೆ ಬೇಸರಿಸಬಾರದು, ನೆಂಟರು ಮುನಿಸಿಕೊಂಡರೆ ನಿದ್ದೆ ಕೆಡಿಸಿಕೊಳ್ಳಬಾರದು, ಮಾರಬೇಕಾದ್ದನ್ನು ಮಾರುವಾಗ ಕೈ ನಡುಗಬಾರದು. ಮಾವನ ಮೇಲೆ ಪ್ರೀತಿ ಇದ್ದು ನಾಣ್ಯದ ಮೇಲೆ ಇಲ್ಲದ ನಾನು ಆ ಲೆಕ್ಕಕ್ಕೆ ಸರಿಹೊಂದುತ್ತಿದ್ದೆ. ಆದರೂ 'ಒಟ್ಟಿಗೇ ಇರಬೇಕು' ಎಂಬ ವಾಕ್ಯ ಉಯಿಲಿನಲ್ಲಿ ಇರುವವರೆಗೆ ಸಹಿ ಹಾಕುವುದಿಲ್ಲ ಅಂದೆ.

"ಯಾಕಮ್ಮಾ? ನಲವತ್ತು ವರ್ಷ ಸೇರಿಸಿದ್ದು."

"ಅದಕ್ಕೇ ಮಾವ. ಸೇರಿಸಿದವರೇ ಬಿಡಿಸಿಕೊಡಬೇಕು. ನಾನು ಬಿಡಿಸಿದರೆ ನಿಮ್ಮ ಮಗನೇ ನನ್ನ ಮೇಲೆ ಕೇಸು ಹಾಕುತ್ತಾನೆ."

ಮಾವ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯ ವಿಷಯ ಓದಿದ್ದರು, ಆದ್ದರಿಂದ ಅದನ್ನೇ ಎತ್ತಿಕೊಂಡೆ. ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾ ರಾಣಿ ದಂಪತಿಯ 468 ಎಕರೆ ಎಸ್ಟೇಟು. ಸುಗಂಧದ ಎಣ್ಣೆ ತೆಗೆಯುವ ಲಿನಲೋ ಮರಗಳ ತೋಟ, ನಡುವೆ ಮನೆ, ಮನೆಯಲ್ಲಿ ಚಿತ್ರಗಳು, ಒಡವೆ, ಕಲಾವಸ್ತು. ಮಕ್ಕಳಿರಲಿಲ್ಲ. ರೋರಿಕ್ 1993ರ ಜನವರಿಯಲ್ಲಿ ತೀರಿಕೊಂಡರು, ದೇವಿಕಾ ರಾಣಿ 1994ರ ಮಾರ್ಚಿನಲ್ಲಿ. ಎಸ್ಟೇಟಿನ ಮೇಲೆ ಹಕ್ಕು ಹೇಳಿಕೊಂಡು ಬಂದವರು ಬಂದರು. ಕೊನೆಗೆ ರಾಜ್ಯ ಸರ್ಕಾರ 1996ರಲ್ಲಿ ಆ ಒಂದು ಎಸ್ಟೇಟಿಗಾಗಿಯೇ ಕಾಯ್ದೆ ಮಾಡಿ ವಶಪಡಿಸಿಕೊಂಡಿತು. ಆ ಕಾಯ್ದೆ ಸರಿಯೇ ತಪ್ಪೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಗಿ, ಸರ್ಕಾರದ ಪರ ತೀರ್ಪು ಬಂದದ್ದು 2011ರ ಆಗಸ್ಟಿನಲ್ಲಿ. ದೇವಿಕಾ ರಾಣಿ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಅದೇ ರೋರಿಕ್ ಬದುಕಿದ್ದಾಗ ತಮ್ಮ ಕೈಯಾರೆ ಚಿತ್ರಕಲಾ ಪರಿಷತ್ತಿಗೆ ಕೊಟ್ಟ ಚಿತ್ರಗಳು, ತಮ್ಮವು ಮತ್ತು ತಂದೆ ನಿಕೊಲಸ್ ರೋರಿಕ್ ಅವರವು, ಕುಮಾರಕೃಪಾ ರಸ್ತೆಯ ಗ್ಯಾಲರಿಯ ಗೋಡೆ ಮೇಲಿವೆ. ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಹೋಗಿ ನೋಡಬಹುದು. ಒಬ್ಬರದೇ ಸ್ವತ್ತು, ಕೊಟ್ಟದ್ದು ಮತ್ತು ಬಿಟ್ಟುಹೋದದ್ದು ಅನ್ನುವುದಷ್ಟೇ ವ್ಯತ್ಯಾಸ.

ಮಾವನೂ ಸೋಲುವವರಲ್ಲ. "ಸಾಲಾರ್ ಜಂಗ್ ಏನಂತೆ? ಎಲ್ಲಾ ಒಟ್ಟಿಗೇ ಇದೆಯಲ್ಲ" ಅಂದರು. ಇದೆ, ನಿಜ. ನಿಜಾಮರ ದಿವಾನರಾಗಿದ್ದು ಕಲಾವಸ್ತು ಕೂಡಿಟ್ಟ ಮೂರನೇ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡಾಗ ಮದುವೆಯಾಗಿರಲಿಲ್ಲ, ನೇರ ವಾರಸುದಾರರಿರಲಿಲ್ಲ. ಸರ್ಕಾರ ಸಮಿತಿ ನೇಮಿಸಿತು, 1951ರ ಡಿಸೆಂಬರಿನಲ್ಲಿ ನೆಹರೂ ಬಂದು ಹೈದರಾಬಾದಿನ ಅವರ ಅರಮನೆ ದಿವಾನ್ ದೇವಡಿಯಲ್ಲೇ ಮ್ಯೂಸಿಯಂ ತೆರೆದರು, 1961ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿತು. ನಮ್ಮ ಕೊಪ್ಪಳ ಆ ಮನೆತನದ ಜಹಗೀರಾಗಿತ್ತು. ಆ ಗಾಜು, ಗಡಿಯಾರ, ದಂತದ ಕುರ್ಚಿಗಳಲ್ಲಿ ಕೊಪ್ಪಳದ ರೈತರ ಕಂದಾಯದ ಪಾಲೂ ಸೇರಿದೆ ಎನ್ನುವುದು ನನ್ನ ಲೆಕ್ಕ. ಆದರೆ ಮಾವನ ಬೀರುವಿಗಾಗಿ ಯಾವ ಪಾರ್ಲಿಮೆಂಟೂ ಸೇರುವುದಿಲ್ಲ. ಒಟ್ಟಿಗೇ ಇರಬೇಕೆಂದರೆ ಎಚ್.ಎಲ್. ನಾಗೇಗೌಡರ ಹಾಗೆ ಮಾಡಬೇಕಿತ್ತು. ಅಧಿಕಾರಿಯಾಗಿ ಊರೂರು ತಿರುಗಿ ಜಾನಪದ ವಸ್ತು, ಹಾಡು ಕೂಡಿಸಿದವರು ಮೊದಲು ಕಟ್ಟಿದ್ದು ಸಂಸ್ಥೆಯನ್ನು, 1979ರಲ್ಲಿ ಜಾನಪದ ಪರಿಷತ್ತು. ರಾಮನಗರದ ಬಳಿ ಜಾನಪದ ಲೋಕ ಆದದ್ದು 1994ರಲ್ಲಿ. ಅವರು ತೀರಿಕೊಂಡದ್ದು 2005ರಲ್ಲಿ. ಅಷ್ಟರಲ್ಲಿ ಆ ಸಂಗ್ರಹ ಅವರ ಮನೆಯ ಸ್ವತ್ತಾಗಿ ಉಳಿದೇ ಇರಲಿಲ್ಲ.

ಮಾವ ಒಂದೆರಡು ದಿನ ಮುನಿಸಿಕೊಂಡು, ಆಮೇಲೆ ಟೇಬಲ್ ಮೇಲೆ ಹಳೇ ಪಂಚೆ ಹಾಸಿ ಕವರುಗಳನ್ನು ಹರವಿದರು. ನನಗೆ ಅಲ್ಲಿಂದ ಮುಂದಿನದೇ ಇಷ್ಟವಾದ ಭಾಗ. ಯಾಕೆಂದರೆ ಸಂಗ್ರಹವೊಂದು ಅಂದುಕೊಂಡಷ್ಟು ಒಂದೇ ಆಗಿರುವುದಿಲ್ಲ ಅಂತ ಅವರಿಗೇ ಕಾಣತೊಡಗಿತು. ಯಾವುದೋ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು, ಒಂದಕ್ಕೆರಡು ಇರುವುದು, ಇನ್ನೊಬ್ಬರ ಸಂಗ್ರಹದಲ್ಲಿ ಇದಕ್ಕಿಂತ ಒಳ್ಳೆಯದು ಇರುವುದು, ಇವೆಲ್ಲ ತಾವಾಗಿಯೇ ಒಂದು ಕಡೆ ಸರಿದವು. ಇವನ್ನು ಹರಾಜಿಗೆ ಕೊಟ್ಟು ಬಂದ ಹಣ ಅತ್ತೆಯ ಹೆಸರಿಗೆ. ಆನೆ ಕಾಸುಗಳು, ಟಂಕಸಾಲೆಯಿಂದ ಟಂಕಸಾಲೆಗೆ, ವರ್ಷದಿಂದ ವರ್ಷಕ್ಕೆ ಕ್ರಮವಾಗಿ ಜೋಡಿಸಿದವು, ಬಿಡಿಬಿಡಿಯಾದರೆ ಅರ್ಥ ಕಳೆದುಕೊಳ್ಳುತ್ತವೆ. 'ಒಟ್ಟಿಗೇ' ಎಂಬ ಮಾತು ನ್ಯಾಯವಾಗಿ ಸಲ್ಲುವುದು ಅವಕ್ಕೆ ಮಾತ್ರ. ಅವುಗಳನ್ನು ಮ್ಯೂಸಿಯಮ್ಮಿಗೆ ಅಂತ ಉಯಿಲಿನಲ್ಲಿ ಬರೆದರೆ ಸಾಲದು. ತೆಗೆದುಕೊಳ್ಳುತ್ತೇವೆ ಎಂದು ಸಂಸ್ಥೆ ಬರವಣಿಗೆಯಲ್ಲಿ ಒಪ್ಪಿರಬೇಕು. ಒಪ್ಪದ ಸಂಸ್ಥೆಯ ಬಾಗಿಲಿಗೆ ಗೋಣಿಚೀಲ ತಂದಿಳಿಸಿದರೆ ಅದು ಉಗ್ರಾಣದಲ್ಲಿ ಗೋಣಿಚೀಲವಾಗಿಯೇ ಉಳಿಯುತ್ತದೆ.

ಹಾಗೆ ಹರವಿದಾಗಲೇ ಬೀರುವಿನ ತಳದಿಂದ ಓಲೆಗರಿಯ ಎರಡು ಕಟ್ಟು ಹೊರಬಂದವು, ಮಾವನ ಅಜ್ಜನವು. ಅವು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೇ ಹೋಗಬೇಕು ಅಂತ ಮಾವ ಚರ್ಚೆಗೇ ಬಿಡಲಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟ ಓಲೆಗಳಲ್ಲೇ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿ, 1909ರಲ್ಲಿ ಅಚ್ಚಾದದ್ದು. "ನಮ್ಮಜ್ಜನ ಕಟ್ಟಿನಲ್ಲಿ ಪಂಚಾಂಗವೇ ಇರಬಹುದು, ಇರಲಿ" ಅಂದರು.

ಡಲ್ಲಾಸ್‌ನ ಮೊಮ್ಮಗನಿಗೆ ಐದು ಕಂಠೀರವ ಹಣ ಅಂತ ಬರೆಯುವಾಗ ಮಾತ್ರ ನಾನು ತಡೆದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತುವೇ, ಹಸ್ತಪ್ರತಿಗಾದರೆ ಎಪ್ಪತ್ತೈದು ವರ್ಷ ಸಾಕು. ಖಾಸಗಿಯವರು ಅದನ್ನು ದೇಶದಿಂದಾಚೆ ಒಯ್ಯುವ ಹಾಗಿಲ್ಲ. ವಿಗ್ರಹ, ಹಳೇ ಚಿತ್ರಪಟ, ಚಿತ್ರವಿರುವ ಹಸ್ತಪ್ರತಿಗಳಂಥವಕ್ಕೆ ನೋಂದಣಿಯೂ ಬೇಕು, ಕೈ ಬದಲಾದರೆ ನೋಂದಣಾಧಿಕಾರಿಗೆ ತಿಳಿಸಬೇಕು. ಹೊರದೇಶದಲ್ಲಿ ಮಕ್ಕಳಿರುವ ನಮ್ಮ ಎಷ್ಟು ಮನೆಗಳಲ್ಲಿ ಈ ಮಾತು ಗೊತ್ತಿದೆ? ಅಜ್ಜನ ಆಶೀರ್ವಾದ ಅಂತ ಸೂಟ್‌ಕೇಸಿಗೆ ಹಾಕಿಕೊಂಡ ಪುಟ್ಟ ಡಬ್ಬಿ ವಿಮಾನ ನಿಲ್ದಾಣದಲ್ಲಿ ಕೇಸಾಗಬಹುದು. ಮೊಮ್ಮಗನಿಗೆ ಕೊಡಲು ಅಡ್ಡಿಯಿಲ್ಲ, ಆದರೆ ನಾಣ್ಯ ಮೈಸೂರಿನ ಲಾಕರಿನಲ್ಲೇ ಇರಬೇಕು, ಅವನು ಬಂದು ನೋಡಬೇಕು. ಆ ನೆಪದಲ್ಲಾದರೂ ಬರಲಿ ಅಂದರು ಅತ್ತೆ.

ನಾಣ್ಯ ಇಟ್ಟಿದ್ದ ಪೆಟ್ಟಿಗೆಯೂ ನಾಣ್ಯದಷ್ಟೇ ತಲೆನೋವು ಎಂಬುದು ಆಮೇಲೆ ಹೊಳೆಯಿತು. ಬೀಟೆ ಮರದ್ದು, ಮುಚ್ಚಳದ ಮೇಲೆ ಮೈಸೂರು ಕುಸುರಿಯ ಆನೆಗಳು. ಹಳೆಯ ಕೆಲಸವಾದ್ದರಿಂದ ಆ ಬಿಳಿ ಭಾಗ ನಿಜವಾದ ದಂತವೇ ಇರಬಹುದು. ದಂತದ ವಸ್ತುವನ್ನು ಮಾರುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ತೊಂಬತ್ತು ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ಪಟ್ಟಿಯಲ್ಲಿ ಪೆಟ್ಟಿಗೆಗೇ ಒಂದು ಸಾಲು ಸೇರಿತು.

ಪಟ್ಟಿಯ ಬಗ್ಗೆ ವಕೀಲರು ಹೇಳಿದ ಒಂದು ಸೂಕ್ಷ್ಮ ಬಹಳ ಜನಕ್ಕೆ ಗೊತ್ತಿಲ್ಲ. ಉಯಿಲಿನ ಒಳಗೇ ಸಾವಿರ ನಾಣ್ಯ ಬರೆಯಬೇಕಾಗಿಲ್ಲ, ಬೇರೆ ಪಟ್ಟಿ ಮಾಡಿ ಅದನ್ನು ಉಯಿಲಿನಲ್ಲಿ ಹೆಸರಿಸಬಹುದು. ಆದರೆ ಉಯಿಲಿಗೆ ಸಹಿ ಬೀಳುವ ಹೊತ್ತಿಗೆ ಆ ಪಟ್ಟಿ ಬರೆದು ಮುಗಿದಿರಬೇಕು. 'ಮುಂದೆ ನಾನು ಬರೆಯಲಿರುವ ಪಟ್ಟಿಯಂತೆ' ಅಂದರೆ ನಿಲ್ಲುವುದಿಲ್ಲ. ಆಮೇಲೆ ಸೇರಿದ್ದಕ್ಕೆ ಕಾಡಿಸಿಲ್, ಅಂದರೆ ಉಯಿಲಿಗೆ ಪೂರಕವಾಗಿ ಬರೆಯುವ ಪತ್ರ, ಬೇಕು, ಅದಕ್ಕೂ ಇಬ್ಬರು ಸಾಕ್ಷಿ. ಪಾಲು ಪಡೆಯುವವರನ್ನು ಸಾಕ್ಷಿ ಹಾಕಿಸದಿರುವುದೇ ಕ್ಷೇಮ, ಕೋರ್ಟಿನಲ್ಲಿ ಮೊದಲ ಅನುಮಾನ ಅಲ್ಲಿಂದಲೇ ಏಳುತ್ತದೆ. ಉಯಿಲಿಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿದೆವು. ಇನ್ನು ನಾಣ್ಯ ಕೊಳ್ಳುವುದಿಲ್ಲ ಅಂತ ಮಾವ ಮಾತು ಕೊಟ್ಟಿದ್ದಾರೆ. ವಕೀಲರು ಕಾಡಿಸಿಲ್‌ನ ನಮೂನೆಯನ್ನು ನನಗೆ ಕಳಿಸಿಟ್ಟಿದ್ದಾರೆ.

ನನ್ನ ಜೊತೆಗೆ ಎರಡನೇ ಎಕ್ಸಿಕ್ಯೂಟರ್ ಆಗಿ ಹಾಸನದ ಕಡೆಯ ಒಬ್ಬ ಎಂಜಿನಿಯರ್ ಹುಡುಗನನ್ನು ಮಾವ ಆರಿಸಿದರು. ಅವರ ಹತ್ತಿರವೇ ನಾಣ್ಯ ಓದಲು ಕಲಿತವನು, ನನಗಿಂತ ಬಹಳ ಚಿಕ್ಕವನು. ಕಾಗದ ನಾನು ನೋಡುವುದು, ನಾಣ್ಯ ಅವನು. ಅವನೇ ಒಂದು ಷರತ್ತು ಹಾಕಿದ: "ಸಾರ್, ನಿಮ್ಮ ಸಂಗ್ರಹದಿಂದ ನಾನು ಏನನ್ನೂ ಕೊಳ್ಳುವ ಹಾಗಿಲ್ಲ ಅಂತ ಉಯಿಲಿನಲ್ಲೇ ಬರೆದುಬಿಡಿ." ಉತ್ತರಾಧಿಕಾರ ಕಾಯ್ದೆಯ 310ನೇ ಕಲಂ ಕೂಡ ಅದನ್ನೇ ಹೇಳುತ್ತದೆ, ಎಕ್ಸಿಕ್ಯೂಟರ್ ತಾನೇ ಕೊಂಡರೆ ಬೇರೆ ಹಕ್ಕುದಾರರು ಆ ಮಾರಾಟವನ್ನು ರದ್ದು ಮಾಡಿಸಬಹುದು. ಮಾವನಿಗೆ ಇದು ಸ್ವಲ್ಪ ನೋವಾಯಿತು, ಮೈಲಿ ಕಾಸುಗಳು ಇವನಿಗೇ ಸೇರಲಿ ಎಂದಿತ್ತು ಅವರ ಮನಸ್ಸಿನಲ್ಲಿ. ಅದಕ್ಕೆ ಉಯಿಲೇಕೆ, ಇವತ್ತೇ ಕೊಡಿ ಅಂದೆ. ಚರಸ್ವತ್ತನ್ನು ದಾನ ಕೊಡಲು ಕೈಗೊಪ್ಪಿಸಿದರೆ ಸಾಕು. ಮಾವ ಆ ತಟ್ಟೆಯನ್ನು ಟೇಬಲ್ಲಿನ ಆಚೆಗೆ ತಳ್ಳಿದರು, ನಾನು ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ತೆಗೆದುಕೊಂಡೆ.

ಖೋಟಾ ನಾಣ್ಯಗಳ ತಟ್ಟೆಯ ಮಾತು ಮಾತ್ರ ಇನ್ನೂ ಮುಗಿದಿಲ್ಲ. ನಕಲಿ ಎಂದು ಗೊತ್ತಿದ್ದೂ, ಕಣ್ಣು ಪಳಗಲಿ ಅಂತ ವರ್ಷಾನುಗಟ್ಟಲೆ ಕೊಂಡವು. ಗುರುತು ಹಾಕದೆ ಬಿಟ್ಟರೆ ನಾಳೆ ಯಾರೋ ನಿಜವೆಂದು ಮಾರುತ್ತಾರೆ, ಕೆಟ್ಟ ಹೆಸರು ಮಾವನಿಗೆ. ಒಂದೊಂದು ಕವರಿನ ಮೇಲೂ ಕೆಂಪು ಶಾಯಿಯಲ್ಲಿ 'ಖೋಟಾ' ಅಂತ ಬರೆಸಿದ್ದೇನೆ. ಯಾರಿಗೆ ಕೊಡುವುದೆಂದು ಮಾವ ತೀರ್ಮಾನಿಸಲು ಒಪ್ಪುತ್ತಿಲ್ಲ. ಯಾರೂ ಕೇಳುತ್ತಲೂ ಇಲ್ಲ. ಪಟ್ಟಿಯಲ್ಲಿ ವಿಜಯನಗರದ ವರಹಗಳಿಗೆ ಎರಡು ಸಾಲು, ಖೋಟಾ ತಟ್ಟೆಗೆ ಮೂರು ಪುಟ.